ಕಲಾವಿದನ ಸ್ವಹಸ್ತದಿಂದ

ಸುಂಕ ಕಚೇರಿ, ಮೌಲ್ಯಮಾಪನ ವಿಭಾಗ
೪ ಮಾರ್ಚ್ ೧೯೮೮

ಮಾನ್ಯರೇ,

ವಿಷಯ: ಏಳು ತೂಗುಪಟಗಳ ಆಮದು, ವಿವರಣೆ ಕೋರಿ.

ನಿಮ್ಮ ದಿವಂಗತ ಪತಿಯವರ ಕೃತಿಗಳೆಂದು ನಮೂದಿಸಿ ಇಲ್ಲಿನ ಕಲಾಭವನದ ವಿಳಾಸಕ್ಕೆ ನೀವು ಹಡಗಿನಲ್ಲಿ ಕಳುಹಿಸಿದ ಮರದ ಪೆಟ್ಟಿಗೆಯನ್ನು ಫೆಬ್ರವರಿ ೨೨ರಂದು ತೆರೆದು ನೋಡಲಾಯಿತು. ಒಳಗೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಿಂದ ಹೊಲಿದ, ಗೋಡೆಗೆ ತೂಗುಹಾಕುವಂಥ ಏಳು ಪಟಗಳಿವೆ.

ಕಲಾವಿದನು ಸ್ವಹಸ್ತದಿಂದ ಮಾಡಿದ ಮೂಲಕೃತಿಗೆ ಸುಂಕವಿಲ್ಲ. ಬಟ್ಟೆಯಿಂದ ಹೊಲಿದ ಹಾಸುಹೊದಿಕೆ, ಪರದೆ, ಗೋಡೆಯ ಅಲಂಕಾರಗಳಿಗೆ ಬೆಲೆಯ ನೂರಕ್ಕೆ ನಲವತ್ತರಷ್ಟು ಸುಂಕವಿದೆ. ಇವು ಯಾವ ಗುಂಪಿಗೆ ಸೇರುತ್ತವೆಂದು ತೀರ್ಮಾನವಾಗುವವರೆಗೆ ಪೆಟ್ಟಿಗೆ ನಮ್ಮ ಗೋದಾಮಿನಲ್ಲಿರುತ್ತದೆ.

ಕಲಾಭವನದ ಮೇಲ್ವಿಚಾರಕಿಯಾದ ನಿಮ್ಮ ಮಗಳು ಖುದ್ದಾಗಿ ಬಂದು, ನಮ್ಮ ಸಿಬ್ಬಂದಿಯೆಲ್ಲರ ಎದುರು, ಕಲೆ ಎಂದರೇನೆಂದು ನಮಗೆ ತಿಳಿಸಿಕೊಟ್ಟರು. ಆದರೂ ಕಡತಕ್ಕೆ ಬರಹದಲ್ಲಿ ಬೇಕಾಗುತ್ತದೆ. ಇವನ್ನು ಮಾಡಿದವರು ಯಾರು, ಯಾವಾಗ, ಹೇಗೆ ಎಂಬುದನ್ನು ಕಳುಹಿಸಿದವರಾದ ನೀವು ತಿಳಿಸತಕ್ಕದ್ದು.

ಇತಿ,
ಮೌಲ್ಯಮಾಪಕ


೧೫ ಮಾರ್ಚ್ ೧೯೮೮

ಮೌಲ್ಯಮಾಪಕರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಏಳನ್ನೂ ನನ್ನ ಯಜಮಾನರೇ ತಮ್ಮ ಕೈಯಿಂದ ಮಾಡಿದರು. ಮೊದಲನೆಯದು ಇಪ್ಪತ್ತೆರಡು ವರ್ಷಗಳ ಹಿಂದಿನದು, ಕೊನೆಯದು ಮುಗಿದದ್ದು ಅವರು ಹಾಸಿಗೆ ಹಿಡಿಯುವ ಮೊದಲು. ಅವರ ಬಗ್ಗೆ ಬಂದ ಮೂರು ಪುಸ್ತಕಗಳಲ್ಲೂ ಹಾಗೆಯೇ ಬರೆದಿದೆ. ಪುಸ್ತಕಗಳನ್ನು ಕಳುಹಿಸುತ್ತಿದ್ದೇನೆ. ಒಂದರ ಹೊದಿಕೆಯ ಮೇಲೆ ಅವರ ಫೋಟೋ ಇದೆ, ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದಾರೆ.

ಮಗಳು ಏನಾದರೂ ಬಿರುಸಾಗಿ ಮಾತಾಡಿದ್ದರೆ ದಯವಿಟ್ಟು ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಅಪ್ಪನ ವಿಷಯ ಬಂದರೆ ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ಅಲ್ಲಿ ಅವರ ಹೆಸರಿನಲ್ಲೊಂದು ಕೋಣೆ ಮಾಡಿಸುತ್ತಿದ್ದಾಳೆ. ಗೋಡೆಗೆ ಬಣ್ಣ ಬಳಿದು, ದೀಪ ಹಾಕಿಸಿ, ಪಟಗಳಿಗೆ ಕಾಯುತ್ತಿದ್ದಾಳೆ.

ನಿಮ್ಮ ಗೋದಾಮಿನಲ್ಲಿ ಇಲಿ ಇದೆಯೇ? ಒಂದನೆಯ ಪಟವನ್ನಾದರೂ ಮೇಲಿಡಿಸಿ. ಮಡಿಸಬೇಡಿ, ಸುರುಳಿ ಸುತ್ತಿಡಿ.

ಇತಿ ನಮಸ್ಕಾರಗಳು.


ಸುಂಕ ಕಚೇರಿ
೨೬ ಮಾರ್ಚ್ ೧೯೮೮

ಮಾನ್ಯ ಅಮ್ಮನವರಿಗೆ,

ಪುಸ್ತಕಗಳು ತಲುಪಿದವು. ಒಂದನೆಯ ಪಟವನ್ನು ನಾನೇ ಸುರುಳಿ ಸುತ್ತಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಇಲಿಯ ಚಿಂತೆ ಬೇಡ.

ಒಂದು ಸಣ್ಣ ಅನುಮಾನ. ನನ್ನ ತಾಯಿ ಊರಿನವರಿಗೆಲ್ಲ ಹೊದಿಕೆ ಹೊಲಿದುಕೊಡುತ್ತಿದ್ದಳು, ಆದ್ದರಿಂದ ನನಗೆ ಬಟ್ಟೆ ಕಂಡರೆ ತಿರುಗಿಸಿ ಹಿಂಬದಿ ನೋಡುವ ಚಟ. ಬಲಗೈಯವರು ಹೊಲಿದರೆ ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ನಿಮ್ಮ ಏಳೂ ಪಟಗಳಲ್ಲಿ ಸಾಲುಗಳು ಎಡದಿಂದ ಬಲಕ್ಕೆ ಹೋಗಿವೆ. ಎಲ್ಲ ಗಂಟೂ ಎಡತುದಿಯಲ್ಲೇ. ಪುಸ್ತಕದ ಫೋಟೋದಲ್ಲಿ ನಿಮ್ಮ ಯಜಮಾನರು ಕತ್ತರಿ ಹಿಡಿದಿರುವುದು ಬಲಗೈಯಲ್ಲಿ.

ಕಲೆಯ ಬಗ್ಗೆ ನನಗೆ ಏನೂ ತಿಳಿಯದು, ಅದನ್ನು ನಿಮ್ಮ ಮಗಳೇ ಹೇಳಿದ್ದಾರೆ. ಇಷ್ಟು ಸಣ್ಣ, ಇಷ್ಟು ಸಮನಾದ ಹೊಲಿಗೆಯನ್ನು ಮಾತ್ರ ನನ್ನ ತಾಯಿಯ ಕೈಯಲ್ಲೂ ನೋಡಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಗೋದಾಮಿಗೇ ಹೋಗುತ್ತೇನೆ. ಈ ಕೈ ಯಾರದು ಅಂತ ಸುಮ್ಮನೆ ಕುತೂಹಲ.

ನಿಮ್ಮವನೇ,
ಮೌಲ್ಯಮಾಪಕ


೮ ಎಪ್ರಿಲ್ ೧೯೮೮

ಸಾಹೇಬರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲು ಹೆದರಿಕೆಯಾಯಿತು. ಅದರ ಹಿಂದೆಯೇ ನಗುವೂ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಆ ಪಟಗಳನ್ನು ಎಂಥೆಂಥವರೋ ಬಂದು ನೋಡಿದ್ದಾರೆ. ಹಿಂದೆ ಸರಿದು ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು, ಒಬ್ಬರು ಕೆಳಗೆ ಮಲಗಿಕೊಂಡೂ ನೋಡಿದರು. ತಿರುಗಿಸಿ ನೋಡಿದವರು ಯಾರೂ ಇರಲಿಲ್ಲ.

ಗಂಟು ಎಡಗಡೆಗಿದ್ದರೆ ಅದು ನಾನು ಹಾಕಿದ್ದು. ಮನೆಯಲ್ಲಿ ನನಗೆ ಎಡಚಿ ಎಂದೇ ಹೆಸರು. ಬಟ್ಟೆ ಆರಿಸಿ ಜೋಡಿಸುವುದು, ಯಾವ ಬಣ್ಣದ ಪಕ್ಕ ಯಾವುದು ಎಂದು ನೋಡುವುದು ಎಲ್ಲ ಅವರದೇ. ಸೂಜಿಯ ಕೆಲಸಕ್ಕೆ ನಾನು ಕೈಜೋಡಿಸುತ್ತಿದ್ದೆ ಅಷ್ಟೆ. ಅವರಿಗೆ ಬೆನ್ನುನೋವಿತ್ತು. ಅಡುಗೆಗೆ ಉಪ್ಪು ಹಾಕಿದಷ್ಟು ಸಹಾಯ ಎಂದುಕೊಳ್ಳಿ.

ಇದರಿಂದ ಸುಂಕಕ್ಕೆ ಏನೂ ತೊಂದರೆ ಇಲ್ಲವಲ್ಲ? ಮಗಳಿಗೆ ಇದನ್ನೆಲ್ಲ ಹೇಳುವ ಅಗತ್ಯ ಕಾಣೆ.

ನಿಮ್ಮ ತಾಯಿ ಇದ್ದಾರೆಯೇ? ಈಗಲೂ ಹೊಲಿಯುತ್ತಾರೆಯೇ? ವಯಸ್ಸಾದ ಮೇಲೆ ಸೂಜಿಯ ಕಣ್ಣು ಕಾಣುವುದಿಲ್ಲ. ನಾನು ದಪ್ಪ ಕಣ್ಣಿನ ಸೂಜಿಯನ್ನು ಬಿಳಿಯ ಬಟ್ಟೆಯ ಮುಂದೆ ಹಿಡಿದು ಪೋಣಿಸುತ್ತೇನೆ. ಅವರಿಗೂ ಹೇಳಿ.

ಇತಿ ನಮಸ್ಕಾರಗಳು.


೨೦ ಎಪ್ರಿಲ್ ೧೯೮೮

ಅಮ್ಮನಿಗೆ ನಮಸ್ಕಾರಗಳು.

ಅಮ್ಮ ಎಂದೇ ಕರೆಯುತ್ತೇನೆ, ಬೇಸರಿಸಬೇಡಿ. ನನ್ನ ತಾಯಿ ಹೋಗಿ ಆರು ವರ್ಷವಾಯಿತು. ಈ ಕಾಗದ ಕಡತಕ್ಕಲ್ಲ. ನೋಡಿ, ಕಚೇರಿಯ ಮುದ್ರೆಯ ಹಾಳೆಯಲ್ಲೂ ಬರೆಯುತ್ತಿಲ್ಲ, ಅಂಚೆ ಚೀಟಿಯೂ ನನ್ನದೇ.

ನಿನ್ನೆ ಒಂದನೆಯ ಪಟವನ್ನು ಬಿಚ್ಚಿ ಬಹಳ ಹೊತ್ತು ನೋಡಿದೆ. ನೀಲಿಯೊಳಗೆ ನೀಲಿ, ಅದರೊಳಗೆ ಮತ್ತೊಂದು ನೀಲಿ. ಕೆಳಗಿನ ಬಲಮೂಲೆಯಲ್ಲಿ ಒಂದು ಪುಟ್ಟ ತೋಳಿದೆ, ಎಳೆಯ ಮಗುವಿನ ಅಂಗಿಯದು. ಅದನ್ನು ಮಾತ್ರ ಸುತ್ತಲೂ ಎರಡು ಸಾಲು ಹೊಲಿದಿದ್ದಾರೆ, ಕೈಬಿಟ್ಟುಹೋಗದ ಹಾಗೆ. ಗಂಡಸು ಹೀಗೆ ಹೊಲಿಯುವುದಿಲ್ಲ ಅಮ್ಮ. ಬೆನ್ನುನೋವಿನ ಗಂಡನಿಗೆ ಕೈಜೋಡಿಸಿದವರೂ ಹೀಗೆ ಹೊಲಿಯುವುದಿಲ್ಲ.

ಆ ತೋಳು ಯಾರದು?

ಪುಸ್ತಕಗಳು ಏನಾದರೂ ಹೇಳಲಿ, ಈ ಗೋದಾಮಿನಲ್ಲಿ ನಿಂತಿರುವ ಒಬ್ಬನಿಗೆ ಗೊತ್ತು. ನೀವು ಹೇಳಿದರೆ ಹೇಳಿ, ಇಲ್ಲದಿದ್ದರೂ ನನಗೆ ಗೊತ್ತು. ನಿಮ್ಮ ಬಾಯಿಂದ ಕೇಳಬೇಕೆಂಬ ಆಸೆ ಅಷ್ಟೆ.

ಉತ್ತರವನ್ನು ಮಾತ್ರ ಕಚೇರಿಯ ವಿಳಾಸಕ್ಕೇ ಬರೆಯಿರಿ. ಮನೆಯಲ್ಲಿ ಕಾಗದಗಳು ಕಳೆದುಹೋಗುತ್ತವೆ. ಕೆಳಗೆ ಸಹಿಯನ್ನೂ ಹಾಕಿ. ನಿಮ್ಮ ಸಹಿ ಇಟ್ಟುಕೊಳ್ಳಬೇಕೆಂದಿದೆ.

ನಿಮ್ಮ ಮಗನ ಸಮಾನ


೩ ಮೇ ೧೯೮೮

ಚಿರಂಜೀವಿ ಸಾಹೇಬರಿಗೆ ಆಶೀರ್ವಾದಗಳು.

ಇದಕ್ಕಿಂತ ಮೊದಲು ಮೂರು ಕಾಗದ ಬರೆದು ಹರಿದುಹಾಕಿದೆ. ಅರವತ್ತಾರು ವರ್ಷದವಳು ಹೀಗೆ ತಡಬಡಾಯಿಸಬಾರದು.

ಆ ತೋಳು ನನ್ನ ಮಗನದು. ಎರಡನೆಯವನು. ಹನ್ನೊಂದು ತಿಂಗಳು ಇದ್ದ, ಆಮೇಲೆ ಜ್ವರ ಬಂತು, ಮೂರೇ ದಿನ. ಅವನು ಹೋದಮೇಲೆ ಅವನ ಬಟ್ಟೆಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಯಾರಿಗಾದರೂ ಕೊಟ್ಟರೆ ಬೇರೆ ಮಗುವಿನ ಮೈಮೇಲೆ ನೋಡಬೇಕು. ನಾನು ಅವನ್ನು ಬಿಡಿಸಿ, ನನ್ನ ಹಳೆಯ ಬಟ್ಟೆಗಳ ಜೊತೆ ಜೋಡಿಸಿ ಹೊಲಿಯತೊಡಗಿದೆ. ಏನಾಗುತ್ತದೆಂದು ಗೊತ್ತಿರಲಿಲ್ಲ. ದೊಡ್ಡವಳಿಗೆ ಆಗ ಏಳು ವರ್ಷ. ಮೇಜಿನ ಕೆಳಗೆ ಕೂತು ನನಗೆ ದಾರ ಪೋಣಿಸಿ ಕೊಡುತ್ತಿದ್ದಳು. ಒಂದು ವರ್ಷ ಹಿಡಿಯಿತು. ಗೋಡೆಯಲ್ಲಿ ಬಿರುಕಿತ್ತು, ಅದು ಮುಚ್ಚಲಿ ಎಂದು ಅಲ್ಲಿ ತೂಗುಹಾಕಿದೆ.

ಆ ದಿನಗಳಲ್ಲಿ ಯಜಮಾನರ ಚಿತ್ರಗಳನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ಚಿತ್ರಶಾಲೆಯ ಮಾಲೀಕರೊಬ್ಬರು ಮನೆಗೆ ಬಂದರು. ಚಿತ್ರಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. ನಾನು ಒಳಗೆ ಚಹಾ ಮಾಡುತ್ತಿದ್ದೆ. ಅವರ ದನಿ ಕೇಳಿಸಿತು: "ಆ ಗೋಡೆ ಮೇಲಿರೋದು ಯಾರದು?" ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಯಜಮಾನರು, "ಅದು ನಂದೇ. ಸುಮ್ನೆ ಹೀಗೇ ಮಾಡಿದ್ದು" ಎಂದರು.

ತಟ್ಟೆ ಹಿಡಿದು ಹೊರಗೆ ಬಂದೆ. ಬಂದವರು ಎದ್ದು ನಿಂತು ನನ್ನ ಕಡೆ ತಿರುಗಿ, "ನಿಮ್ಮ ಯಜಮಾನರ ಕೈಯಲ್ಲಿ ಜಾದೂ ಇದೆಯಮ್ಮ" ಎಂದರು. ನಾನು ಏನು ಮಾಡಿದೆ ಗೊತ್ತೇ? ಸಕ್ಕರೆ ಎಷ್ಟು ಚಮಚ ಎಂದು ಕೇಳಿದೆ.

ಅವರು ಹೋದಮೇಲೆ ಯಜಮಾನರು ನನ್ನ ಮುಖ ನೋಡಲಿಲ್ಲ. ಮೂರು ದಿನ ಬಿಟ್ಟು, "ಇನ್ನೊಂದು ಮಾಡ್ತೀಯಾ?" ಎಂದು ಕೇಳಿದರು. ಮಾಡಿದೆ. ಹಾಗೆ ಏಳಾಯಿತು. ಏಳರಲ್ಲೂ ಅವರು ಒಂದು ಹೊಲಿಗೆ ಹಾಕಿಲ್ಲ, ಒಂದು ಬಣ್ಣ ಆರಿಸಿಲ್ಲ. ಮೊನ್ನೆ ನಿಮಗೆ ಬರೆದದ್ದು ಸುಳ್ಳು. ಮೂಲೆಯಲ್ಲಿ ಅವರ ಸಹಿ ಇದೆಯಲ್ಲ, ಅವರು ಸೀಮೆಸುಣ್ಣದಲ್ಲಿ ಬರೆದುಕೊಟ್ಟರು, ಅದರ ಮೇಲೆ ದಾರ ಎಳೆದವಳೂ ನಾನೇ.

ಅವರು ಕೆಟ್ಟವರೇನಲ್ಲ. ನನಗೆ ಬಯ್ದವರಲ್ಲ, ಹೊಡೆದವರಲ್ಲ. ಒಂದು ಮನೆಗೆ ಒಂದು ಹೆಸರು ಸಾಕು ಎಂದು ನಾನೂ ಅಂದುಕೊಂಡಿದ್ದೆ. ಅವರು ಹೋಗುವ ಹಿಂದಿನ ವಾರ ನನ್ನ ಎಡಗೈ ಹಿಡಿದುಕೊಂಡು ಏನೋ ಹೇಳಲು ಹೋದರು. ನಾಲಿಗೆ ಹೊರಳಲಿಲ್ಲ. ಏನು ಹೇಳುತ್ತಿದ್ದರೆಂದು ನನಗೆ ಬೇಕಾದ ಹಾಗೆ ತಿಳಿದುಕೊಂಡಿದ್ದೇನೆ.

ನೀವು ಕೇಳಿದಿರಿ, ಹೇಳಿದೆ. ಬರೆದು ಮುಗಿಸಿದ ಮೇಲೆ ಕಿಟಕಿ ತೆಗೆದು ಬೀದಿ ನೋಡುತ್ತಾ ನಿಂತೆ. ಕೆಳಗಿನ ಮನೆಯಾಕೆ, "ಏನಮ್ಮಾ, ಲಾಟರಿ ಹೊಡೀತಾ? ಮುಖ ಅರಳಿದೆ" ಎಂದಳು.

ಇದು ನಮ್ಮಿಬ್ಬರಲ್ಲೇ ಇರಲಿ. ನೀವು ಕೇಳಿದಿರೆಂದು ಸಹಿಯನ್ನೂ ಹಾಕಿದ್ದೇನೆ. ಇದುವರೆಗೆ ಬ್ಯಾಂಕಿನವರು ಬಿಟ್ಟರೆ ನನ್ನ ಸಹಿ ಯಾರೂ ಕೇಳಿರಲಿಲ್ಲ.

ಇತಿ ನಿಮ್ಮ ಅಮ್ಮ


೨ ಜೂನ್ ೧೯೮೮

ಚಿರಂಜೀವಿ ಸಾಹೇಬರಿಗೆ ಆಶೀರ್ವಾದಗಳು.

ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಮೈಗೆ ಹುಷಾರಿದ್ದೀರಿ ತಾನೇ? ನಾನು ಬರೆದದ್ದು ಜಾಸ್ತಿಯಾಯಿತೇನೋ. ಮುದುಕಿಯ ಗೋಳು ಎಂದು ಬೇಸರವಾಗಿದ್ದರೆ ಅದನ್ನು ಬದಿಗಿಡಿ. ಕಾಗದ ತಲುಪಿತು ಎಂದು ಎರಡು ಅಕ್ಷರ ಬರೆದರೂ ಸಾಕು.

ನಿಮಗೊಂದು ಸಣ್ಣ ಕೈಚೌಕ ಹೊಲಿಯುತ್ತಿದ್ದೇನೆ. ಊಟದ ಡಬ್ಬಿಯ ಕೆಳಗೆ ಹಾಸಿಕೊಳ್ಳಲಿಕ್ಕೆ. ನೀಲಿಯದು.

ಇತಿ ಅಮ್ಮ


ಸುಂಕ ಕಚೇರಿ, ಮೌಲ್ಯಮಾಪನ ವಿಭಾಗ
೨೦ ಜೂನ್ ೧೯೮೮

ಆದೇಶ

ಕಳುಹಿಸಿದವರು ೧೫ ಮಾರ್ಚ್‌ನ ತಮ್ಮ ಪತ್ರದಲ್ಲಿ ಏಳೂ ಪಟಗಳನ್ನು ದಿವಂಗತ ಕಲಾವಿದರೇ ಸ್ವಹಸ್ತದಿಂದ ಮಾಡಿದ್ದಾರೆಂದು ಹೇಳಿದ್ದಾರೆ. ೮ ಎಪ್ರಿಲ್‌ನ ಪತ್ರದಲ್ಲಿ ಸೂಜಿಯ ಕೆಲಸ ತಮ್ಮದೆಂದು ಒಪ್ಪಿದ್ದಾರೆ. ೩ ಮೇ ತಾರೀಖಿನ ಸಹಿ ಮಾಡಿದ ಪತ್ರದಲ್ಲಿ "ಏಳರಲ್ಲೂ ಅವರು ಒಂದು ಹೊಲಿಗೆ ಹಾಕಿಲ್ಲ, ಒಂದು ಬಣ್ಣ ಆರಿಸಿಲ್ಲ" ಎಂದು ಸ್ವಇಚ್ಛೆಯಿಂದ ತಿಳಿಸಿದ್ದಾರೆ. ಮೂರೂ ಪತ್ರಗಳನ್ನು ಲಗತ್ತಿಸಿದೆ.

ಆದ್ದರಿಂದ ಇವು ಸದರಿ ಕಲಾವಿದರ ಕೃತಿಗಳಲ್ಲ. ಕಳುಹಿಸಿದವರು ಕಲಾವಿದೆಯೇ ಎಂಬುದನ್ನೂ ಪರಿಶೀಲಿಸಲಾಯಿತು. ಅವರ ಹೆಸರು ಯಾವ ಪುಸ್ತಕದಲ್ಲಾಗಲಿ, ಪ್ರದರ್ಶನದಲ್ಲಾಗಲಿ ಕಂಡುಬರುವುದಿಲ್ಲ. ಗೋಡೆಯ ಬಿರುಕು ಮುಚ್ಚುವ ಸಲುವಾಗಿ ತೂಗುಹಾಕಿದ್ದಾಗಿ ಅವರೇ ಬರೆದಿರುವುದರಿಂದ ಇವು ಗೃಹೋಪಯೋಗಿ ಬಟ್ಟೆಗಳೆಂದು ತೀರ್ಮಾನಿಸಿ, ಸುಂಕವನ್ನೂ, ಸುಳ್ಳು ಘೋಷಣೆಗಾಗಿ ಅಷ್ಟೇ ಮೊತ್ತದ ದಂಡವನ್ನೂ ವಿಧಿಸಲಾಗಿದೆ. ಅರವತ್ತು ದಿನಗಳೊಳಗೆ ಕಟ್ಟದಿದ್ದರೆ ಬಟ್ಟೆ ಮೂಟೆಗಳ ಜೊತೆ ಹರಾಜು ಹಾಕಲಾಗುವುದು.

ನಾರಿನ ಪರೀಕ್ಷೆಗಾಗಿ ಒಂದನೆಯ ಪಟದ ಕೆಳಗಿನ ಬಲಮೂಲೆಯಿಂದ, ಮಗುವಿನ ಅಂಗಿಯ ತೋಳಿನ ಭಾಗವನ್ನು ಮಾದರಿಯಾಗಿ ಕತ್ತರಿಸಿಕೊಳ್ಳಲಾಗಿದೆ. ಸುಟ್ಟು ನೋಡಿದಾಗ ಹತ್ತಿ ಎಂದು ದೃಢಪಟ್ಟಿದೆ. ಮಾದರಿ ಪರೀಕ್ಷೆಯಲ್ಲಿ ವ್ಯಯವಾಗಿರುವುದರಿಂದ ಹಿಂತಿರುಗಿಸಲು ಬರುವುದಿಲ್ಲ.

ಪ್ರತಿ: ಮೇಲ್ವಿಚಾರಕಿ, ಕಲಾಭವನ.

ಮೌಲ್ಯಮಾಪಕ


೧೧ ಜುಲೈ ೧೯೮೮

ಸಾಹೇಬರಿಗೆ,

ಆದೇಶದ ಕೊನೆಯ ಭಾಗವನ್ನು ನನಗೆ ಒಂದೇ ಸಲಕ್ಕೆ ಓದಲಾಗಲಿಲ್ಲ. ಕನ್ನಡಕದ ತೊಂದರೆ ಎಂದುಕೊಂಡು ಒರೆಸಿ ಹಾಕಿಕೊಂಡೆ. ಕನ್ನಡಕದ್ದಲ್ಲ.

ಏಳು ಪಟಗಳಲ್ಲಿ ಎಷ್ಟು ಗೇಣು ಬಟ್ಟೆ ಇದೆ! ಎಲ್ಲ ಹತ್ತಿಯೇ. ಎಲ್ಲಿ ಕತ್ತರಿಸಿದ್ದರೂ ಹತ್ತಿಯೇ ಸಿಗುತ್ತಿತ್ತು. ಅದನ್ನೇ ಯಾಕೆ ಕತ್ತರಿಸಿದಿರಿ? ಕತ್ತರಿಸಿದವರು ನೀವೋ, ಬೇರೆ ಯಾರೋ? ಸುಟ್ಟಾಗ ನೀವು ಅಲ್ಲಿದ್ದಿರಾ? ಇಷ್ಟಕ್ಕೆ ಉತ್ತರ ಕೊಡಿ. ಬೇರೇನೂ ಕೇಳುವುದಿಲ್ಲ.

ಮಗಳು ಬಂದಿದ್ದಾಳೆ. ಆದೇಶದ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಬಾಗಿಲಲ್ಲೇ ನಿಂತು, "ಅಮ್ಮಾ, ಅಪ್ಪ ಹೋಗಿ ವರ್ಷ ತುಂಬಿಲ್ಲ. ಆಗಲೇ ಅವರ ಕೈ ಕತ್ತರಿಸಿದ್ಯಲ್ಲ?" ಎಂದಳು.

"ಒಳಗೆ ಬಾ ಮೊದಲು. ಕೈಕಾಲು ತೊಳ್ಕೋ."

"ಯಾರೋ ಗುಮಾಸ್ತ ಅಮ್ಮ ಅಂತ ಬರೆದ ತಕ್ಷಣ ಮರುಳಾದ್ಯಾ? ನಾನು ಮೂವತ್ತು ವರ್ಷ ಅಮ್ಮ ಅಂದಿಲ್ವಾ?"

"ನೀನು ಅಮ್ಮ ಅಂದೆ. ಯಾರು ಹೊಲಿದದ್ದು ಅಂತ ಕೇಳ್ಲಿಲ್ಲ" ಎಂದೆ. "ನಿನಗೆ ಗೊತ್ತಿಲ್ವೇ? ಮೇಜಿನ ಕೆಳಗೆ ಕೂತು ನೀನೇ ದಾರ ಪೋಣಿಸಿ ಕೊಡ್ತಿದ್ದೆ."

"ನನಗೆ ನೆನಪಿಲ್ಲ."

ಸಾಹೇಬರೇ, ಅವಳು ಸುಳ್ಳು ಹೇಳುವಾಗ ಕೆಳತುಟಿ ಕಚ್ಚುತ್ತಾಳೆ, ಚಿಕ್ಕಂದಿನಿಂದಲೂ. ಅವತ್ತು ಕಚ್ಚಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

ಕಲಾಭವನದವರು ಕೋಣೆಗೆ ಬೀಗ ಹಾಕಿದ್ದಾರಂತೆ. ಅವಳ ಕೆಲಸಕ್ಕೂ ಸಂಚಕಾರ. ಬಂದಾಗಿನಿಂದ ನಾನು ಬಡಿಸಿದ್ದನ್ನು ಮುಟ್ಟುತ್ತಿಲ್ಲ. ಹೊರಗೆ ಹೋಗಿ ಏನೋ ತಿಂದು ಬರುತ್ತಾಳೆ.

ಅವಳು ಹೇಳಿದ ಒಂದು ಮಾತು ನಿಜ, ಮರುಳಾದೆ. ಕಡತಕ್ಕಲ್ಲ ಎಂದು ನೀವೇ ಬರೆದಿರಿ. ಆ ಕಾಗದ ನನ್ನ ಹತ್ತಿರ ಇದೆ.

ಇತಿ


೨೫ ಜುಲೈ ೧೯೮೮

ಮಾನ್ಯರೇ,

ಕಡತಕ್ಕಲ್ಲ ಎಂದು ಬರೆದದ್ದು ನನ್ನ ಕಾಗದದ ಬಗ್ಗೆ. ನಿಮ್ಮ ಕಾಗದದ ಬಗ್ಗೆ ಅಲ್ಲ. ಇನ್ನೊಮ್ಮೆ ಓದಿ ನೋಡಿ.

ಮಾದರಿ ಕತ್ತರಿಸಿದವನು ನಾನೇ. ಬೇರೆ ಕಡೆ ಹೊಲಿಗೆ ಒತ್ತೊತ್ತಾಗಿತ್ತು, ಅಲ್ಲಿ ಬಟ್ಟೆ ಬಿಡಿಯಾಗಿ ಸಿಕ್ಕಿತು. ಸುಟ್ಟದ್ದು ಪರೀಕ್ಷಾ ಕೋಣೆಯಲ್ಲಿ. ನಾನಿದ್ದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ನಿಮಗೆ ನನ್ನ ಮೇಲೆ ಸಿಟ್ಟು ಬಂದಿರುವುದು ಸಹಜ. ಆದರೆ ಶುರುಮಾಡಿದ್ದು ಯಾರೆಂದು ಮಗಳನ್ನು ಕೇಳಿ. ಹದಿನಾಲ್ಕು ಜನ ಕೂತಿರುವ ಕಚೇರಿಯಲ್ಲಿ ನನ್ನ ಮೇಜಿನ ಮೇಲಿನ ಕಾಗದಗಳನ್ನು ಅತ್ತ ಸರಿಸಿ, "ಮೂಟೆ ಎಣಿಸೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು" ಎಂದರು. ಈಗಲೂ ಚಹಾದ ಹೊತ್ತಿಗೆ ಒಬ್ಬರಲ್ಲ ಒಬ್ಬರು, "ಏನಪ್ಪಾ, ಮೂಟೆ ಎಷ್ಟಾಯ್ತು?" ಎನ್ನುತ್ತಾರೆ. ನಿಮ್ಮ ಯಜಮಾನರ ಹೆಸರನ್ನು ಹಿಡಿದುಕೊಂಡು ಅವರು ಅಷ್ಟು ಎತ್ತರಕ್ಕೆ ನಿಂತಿದ್ದರು. ಆ ಹೆಸರಿನ ಹಿಂಬದಿ ನೋಡಬೇಕೆನಿಸಿತು. ನಿಮ್ಮಿಂದ ಬರಹದಲ್ಲಿ ತೆಗೆಯುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಎರಡು ಸಲ ಅಮ್ಮ ಎಂದದ್ದಕ್ಕೆ ಮೂರು ಹಾಳೆ ಬಂತು.

ಈಗ ವಿಷಯ. ಕಲಾಭವನದ ಅಧ್ಯಕ್ಷರು ನಮ್ಮ ಮೇಲಧಿಕಾರಿಗಳ ಜೊತೆ ಮಾತಾಡಿದ್ದಾರೆ. ಊರಿನ ಮರ್ಯಾದೆಯ ಪ್ರಶ್ನೆ, ಸದ್ದಿಲ್ಲದೆ ಮುಗಿಸಿ ಎಂದು ನನಗೆ ಹೇಳಿಕೆಯಾಗಿದೆ. ನನಗೂ ತಕರಾರಿಲ್ಲ. ಎಚ್ಚರಿಕೆಯಿಂದ ಕೆಲಸ ಮಾಡಿದೆನೆಂದು ಮೆಚ್ಚುಗೆ ಸಿಕ್ಕಿದೆ, ಅಕ್ಟೋಬರಿನಲ್ಲಿ ಬಡ್ತಿಯೂ ಇದೆ. ಆದೇಶ ಹಿಂತೆಗೆದುಕೊಳ್ಳಲು ಕಡತದಲ್ಲಿ ಒಂದು ಆಧಾರ ಬೇಕು. ಲಗತ್ತಿಸಿರುವ ಕರಡನ್ನು ನಿಮ್ಮ ಕೈಬರಹದಲ್ಲಿ ನಕಲು ಮಾಡಿ, ಸಹಿ ಹಾಕಿ ಕಳುಹಿಸಿ. ಒಂದು ಪದವೂ ಬದಲಾಗಕೂಡದು. ಬಂದ ದಿನವೇ ಪೆಟ್ಟಿಗೆ ಬಿಡುಗಡೆ, ಸುಂಕವಿಲ್ಲ, ದಂಡವಿಲ್ಲ.

ಬಾರದಿದ್ದರೆ ಆಗಸ್ಟ್ ೧೯ಕ್ಕೆ ಹರಾಜು. ಹಳೆ ಬಟ್ಟೆ ಕೊಳ್ಳುವವರು ತೂಕದ ಮೇಲೆ ಕೊಳ್ಳುತ್ತಾರೆ. ಯಂತ್ರ ಒರೆಸಲು ಒಯ್ಯುತ್ತಾರೆ.

ಕೈಚೌಕ ತಲುಪಿತು. ನೌಕರರು ಉಡುಗೊರೆ ಪಡೆಯುವಂತಿಲ್ಲವಾದ್ದರಿಂದ ಹಿಂತಿರುಗಿಸುತ್ತಿದ್ದೇನೆ.

ಮೌಲ್ಯಮಾಪಕ


೬ ಆಗಸ್ಟ್ ೧೯೮೮

ಸಾಹೇಬರಿಗೆ,

ನಕಲು ಮಾಡಿದ್ದೇನೆ. ಒಂದು ಪದವೂ ಬದಲಾಗಿಲ್ಲ. ಮಗಳು ಎದುರಿಗೇ ಕೂತು ಕರಡಿನ ಜೊತೆ ತಾಳೆ ನೋಡಿದಳು.

"ನಾನು, ದಿವಂಗತ ಕಲಾವಿದರ ಪತ್ನಿ, ಪ್ರಮಾಣಪೂರ್ವಕವಾಗಿ ಬರೆದುಕೊಡುವುದೇನೆಂದರೆ, ಏಳೂ ತೂಗುಪಟಗಳನ್ನು ನನ್ನ ಪತಿಯವರೇ ಸ್ವಹಸ್ತದಿಂದ ಮಾಡಿದ್ದಾರೆ. ಅವರು ಬರೆಯುವಾಗ ಬಲಗೈಯನ್ನೂ ಹೊಲಿಯುವಾಗ ಎಡಗೈಯನ್ನೂ ಬಳಸುತ್ತಿದ್ದರು. ಎಪ್ರಿಲ್ ಮತ್ತು ಮೇ ತಿಂಗಳ ನನ್ನ ಪತ್ರಗಳು ದುಃಖದಿಂದ ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಬರೆದವು. ಅವುಗಳಲ್ಲಿ ಹೇಳಿದ್ದು ಯಾವುದೂ ನಿಜವಲ್ಲ. ನನಗೆ ಹೊಲಿಗೆ ಬರುವುದಿಲ್ಲ."

ಕೊನೆಯ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಇಷ್ಟು ಹೊತ್ತು ಕಲ್ಲಿನ ಹಾಗಿದ್ದ ಮಗಳು ಎದ್ದು ಬಂದು ನನ್ನ ಹಿಂದೆ ನಿಂತಳು. ಹೆಗಲ ಮೇಲೆ ಕೈಯಿಟ್ಟಳು. ಬಹಳ ಮೆತ್ತಗೆ, "ನನಗೆ ಗೊತ್ತಮ್ಮ. ಮೊದಲಿಂದ್ಲೂ ಗೊತ್ತು. ಅಂಗಿ ತೋಳಿಗೆ ಎರಡನೇ ಸಾಲು ಹಾಕೋವಾಗ ದಾರ ಕೊಟ್ಟವಳು ನಾನೇ" ಎಂದಳು.

ನಾನು ತಿರುಗಿ ನೋಡಿದೆ.

"ಈಗ ಬರಿ" ಎಂದಳು.

ಬರೆದೆ. ಅವತ್ತು ನಾನು ಬಡಿಸಿದ್ದನ್ನು ಉಂಡಳು. ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಸಹಿ ಕೆಳಗಿದೆ.


೧೪ ನವೆಂಬರ್ ೧೯೮೮

ಸುಂಕದ ಅಧಿಕಾರಿಗಳಿಗೆ,

ನಮ್ಮ ವ್ಯವಹಾರ ಮುಗಿದಿದೆ, ನಿಮಗೆ ಬರೆಯುವಂಥದ್ದು ಏನೂ ಉಳಿದಿಲ್ಲ. ಆದರೆ ಮೊನ್ನೆ ಕಲಾಭವನದಲ್ಲಿ, ಕೋಣೆಯ ಉದ್ಘಾಟನೆಯ ದಿನ, ಮಾತಾಡಲಾಗಲಿಲ್ಲ.

ನೀವು ಬರುತ್ತೀರೆಂದು ಮಗಳು ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಒಬ್ಬರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ನಿಮ್ಮಿಂದ ಬಹಳ ಉಪಕಾರ ಆಯ್ತು" ಎನ್ನುತ್ತಿದ್ದಳು. ಅದು ನೀವೆಂದು ಗ್ರಹಿಸಿದೆ. ನಾನು ನಿಮ್ಮನ್ನು ದಪ್ಪ ಮೀಸೆಯವರೆಂದು ಊಹಿಸಿಕೊಂಡಿದ್ದೆ. ನೋಡಿದರೆ ನುಣ್ಣಗೆ ಬೋಳಿಸಿದ ಮುಖ, ಹೊಸ ಕೋಟು. ನನ್ನ ಮಗ ಇದ್ದಿದ್ದರೆ ಹೆಚ್ಚುಕಡಿಮೆ ನಿಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು.

ಮಗಳ ಭಾಷಣ ಚೆನ್ನಾಗಿತ್ತು. ನನ್ನ ಹೆಸರನ್ನೂ ಹೇಳಿದಳು, ಮನೆಯನ್ನು ನೆಮ್ಮದಿಯಾಗಿ ಇಟ್ಟುಕೊಂಡು ಕಲಾವಿದರಿಗೆ ಅನುವು ಮಾಡಿಕೊಟ್ಟವಳೆಂದು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಎದ್ದು ನಮಸ್ಕಾರ ಮಾಡಿದೆ. ಪುಸ್ತಕ ಬರೆದ ವಿಮರ್ಶಕರು ಒಂದನೆಯ ಪಟದ ಮುಂದೆ ನಿಂತು ಎಲ್ಲರಿಗೂ ವಿವರಿಸಿದರು. ಮೂಲೆಯಲ್ಲಿ ಖಾಲಿಯಿದೆಯಲ್ಲ, ಅದು ಕಲಾವಿದರು ಬೇಕೆಂದೇ ಬಿಟ್ಟ ಶೂನ್ಯವಂತೆ. ಅದನ್ನು ಬಿಡುವುದಕ್ಕೆ ಬಹಳ ಧೈರ್ಯ ಬೇಕಂತೆ. ಆಗ ನೀವು ತಲೆ ತಗ್ಗಿಸಿದಿರಿ. ನಾಚಿಕೆಯಿರಬಹುದೆಂದು ನನಗೆ ಒಂದು ಕ್ಷಣ ಏನೋ ಅನಿಸಿತು. ಹತ್ತಿರ ಬಂದ ಮೇಲೆ ತಿಳಿಯಿತು, ನೀವು ಗೋಡೆಗೆ ಹಚ್ಚಿದ್ದ ಬೆಲೆಯ ಚೀಟಿ ಓದುತ್ತಿದ್ದಿರಿ.

ಆ ಹೊತ್ತಿಗೇ ನಿಮ್ಮ ಕೋಟಿನ ಗುಂಡಿ ಕಿತ್ತುಬಂದು ನೆಲದ ಮೇಲೆ ಉರುಳಿತು. ನಿಮ್ಮ ಹೆಂಡತಿ ಬಗ್ಗಿ ಎತ್ತಿಕೊಂಡರು. ಒಳ್ಳೆಯ ಹೆಣ್ಣುಮಗಳು, ಮುಖದಲ್ಲಿ ಕಪಟವಿಲ್ಲ. "ಅಯ್ಯೋ, ಇವತ್ತೇ ಮೊದಲ ಸಲ ಹಾಕ್ಕೊಂಡಿದ್ದು! ಅಧ್ಯಕ್ಷರ ಜೊತೆ ಫೋಟೋ ಬೇರೆ ಇದೆ" ಎಂದರು. ಕಾವಲಿನವನ ಹತ್ತಿರ ಸೂಜಿದಾರ ಇತ್ತು. ಅದನ್ನು ಹಿಡಿದುಕೊಂಡು ಅವರು ಅತ್ತಿತ್ತ ನೋಡಿದರು. ಸುತ್ತಲೂ ನಿಂತವರೆಲ್ಲ ದೊಡ್ಡಮನುಷ್ಯರು. ನನ್ನ ಬಿಳಿಕೂದಲು ಕಂಡು ಧೈರ್ಯ ಬಂತೇನೋ, ನೇರ ನನ್ನ ಹತ್ತಿರ ಬಂದರು.

"ಅಮ್ಮಾ, ನನ್ನ ಕೈ ನಡುಗುತ್ತೆ. ನೀವೊಂದು ಸ್ವಲ್ಪ ಹಾಕಿಕೊಡ್ತೀರಾ?"

ನನ್ನ ಎಡಗೈ ತಾನಾಗಿಯೇ ಮುಂದೆ ಹೋಯಿತು. ಪಕ್ಕದಲ್ಲಿ ಮಗಳು ಉಸಿರು ಬಿಗಿಹಿಡಿದದ್ದು ಕೇಳಿಸಿತು. ನಾನು ಬಾಯಿ ತೆರೆಯುವುದರೊಳಗೆ ನೀವೇ ಉತ್ತರ ಕೊಟ್ಟಿರಿ, ಎಷ್ಟು ಮರ್ಯಾದೆಯಿಂದ, ಎಷ್ಟು ನಯವಾಗಿ:

"ಅವರಿಗೆ ಯಾಕೆ ತೊಂದರೆ ಕೊಡ್ತೀಯ? ಅವರಿಗೆ ಹೊಲಿಗೆ ಬರೋದಿಲ್ಲ."

"ಹೌದಾ ಅಮ್ಮಾ?" ಎಂದರು ನಿಮ್ಮ ಹೆಂಡತಿ.

"ಹೌದು" ಎಂದೆ.

ಪಾಪ, ಅವರೇ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ. ದಾರ ತೀರ ತೆಳುವಾಗಿತ್ತು, ಒಂದೇ ಎಳೆ ಹಾಕಿದರು, ಕೆಳಗೆ ಗಂಟು ಬಿಗಿಯಲಿಲ್ಲ. ಆ ಗುಂಡಿ ವಾರ ನಿಲ್ಲುವುದಿಲ್ಲ. ಹೊಲಿಗೆ ಬರುವವರ ಕೈಯಲ್ಲಿ ಹಾಕಿಸಿಕೊಳ್ಳಿ.